ಹತ್ತೊಂಬತ್ತನೆಯ ಹೆಸರು

ಮಾರ್ಲೋ ಮಿಶನ್ ಕಾಲೇಜು, ಬಳ್ಳಾರಿ
೧೨ ಜೂನ್ ೧೯೪೨

ಬೇವೂರಿನ ಗಿಡ್ಡಪ್ಪನವರಿಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನಾನು ಎಸ್ತೇರಮ್ಮ ಸಮುವೇಲ, ಈ ಕಾಲೇಜಿನ ಪುಸ್ತಕಾಲಯ ನೋಡಿಕೊಳ್ಳುತ್ತೇನೆ. ಬರುವ ಫೆಬ್ರುವರಿಯಲ್ಲಿ ಕಾಲೇಜಿನ ಐವತ್ತನೆಯ ವರ್ಷದ ಉತ್ಸವ. ಅದಕ್ಕೊಂದು ಚರಿತ್ರೆಯ ಪುಸ್ತಕ ಅಚ್ಚಾಗಬೇಕು. ಬರೆಯುವ ಕೆಲಸ ನನಗೆ ಬಂದಿದೆ.

ಹಳೆಯ ಕಪಾಟು ತೆಗೆದಾಗ ೧೮೯೩ರ ಮೊದಲ ರಿಜಿಸ್ಟರು ಸಿಕ್ಕಿತು. ಮೂವತ್ತೊಂದು ಹೆಸರುಗಳಿವೆ. ಹತ್ತೊಂಬತ್ತನೆಯದು 'ಗಿಡ್ಡಪ್ಪ, ಬೇವೂರು, ವಯಸ್ಸು ೧೭'. ಎದುರಿಗೆ ಮೊದಲ ಪ್ರಿನ್ಸಿಪಾಲರಾದ ಆಶ್ಬಿ ದೊರೆಗಳ ಕೈಬರಹದಲ್ಲಿ 'ಅಭ್ಯಾಸ ನಿಭಾಯಿಸಲಾರದೆ ತಾನಾಗಿ ಬಿಟ್ಟ, ೨೨ ಸೆಪ್ಟೆಂಬರ್' ಎಂದಿದೆ. ಅದೇ ಕಟ್ಟಿನಲ್ಲಿ ಆಗಸ್ಟ್ ತಿಂಗಳ ಪರೀಕ್ಷೆಯ ಹಾಳೆಯೂ ಇದೆ. ಅದರಲ್ಲಿ ಗಿಡ್ಡಪ್ಪ ಇಡೀ ವರ್ಗಕ್ಕೆ ಎರಡನೆಯವನು, ರೇಖಾಗಣಿತದಲ್ಲಿ ಮೊದಲನೆಯವನು. ಮೂರು ವಾರದಲ್ಲಿ ಅಂಥ ಹುಡುಗನಿಗೆ ಓದು ನಿಭಾಯಿಸಲಾಗದೆ ಹೋಗುವುದು ಹೇಗೆ?

ಸಂತೆಯಿಂದ ಸಂತೆಗೆ ಪಾಟಿ ಪುಸ್ತಕ ಮಾರುವ ಹುಸೇನಪ್ಪ ನಮ್ಮಲ್ಲಿಗೂ ಬರುತ್ತಾನೆ. "ಬೇವೂರ ಕೆಳಗೇರ್ಯಾಗ ಗಿಡ್ಡಪ್ಪ ಅಂತ ಒಬ್ಬ ಮುದುಕ ಅದಾನ್ರಿ. ಕೂಲಿ ಮಾಡ್ತಾನ, ಹುಡುಗರಿಗೆ ಅಕ್ಷರ ಕಲಸ್ತಾನ. ವರ್ಷಾ ನನ್ನ ಕಡೆ ಆರು ಪಾಟಿ ತಗೋತಾನ" ಎಂದ. ಆ ಗಿಡ್ಡಪ್ಪ ನೀವೇ ಆಗಿದ್ದರೆ ದಯವಿಟ್ಟು ಉತ್ತರ ಬರೆಯಿರಿ.

ನಿಮ್ಮ ವಿಶ್ವಾಸಿ,
ಎಸ್ತೇರಮ್ಮ ಸಮುವೇಲ


ಬೇವೂರು, ಯಲಬುರ್ಗಾ ತಾಲ್ಲೂಕು
೩೦ ಜೂನ್ ೧೯೪೨

ಎಸ್ತೇರಮ್ಮನವರಿಗೆ ಗಿಡ್ಡಪ್ಪನ ಶರಣು.

ನಿಮ್ಮ ಕಾಗದ ಹನ್ನೊಂದು ದಿನಕ್ಕೆ ಮುಟ್ಟಿತು. ಆ ಗಿಡ್ಡಪ್ಪ ನಾನೇ. ರಿಜಿಸ್ಟರಿನಲ್ಲಿ ಬರೆದದ್ದು ಸರಿ ಇದೆ. ಓದು ನನಗೆ ಹತ್ತಲಿಲ್ಲ, ಬಿಟ್ಟೆ. ಪರೀಕ್ಷೆಯಲ್ಲಿ ಎರಡನೆಯವನಾದದ್ದು ಹೇಗೋ ಆಗಿರಬೇಕು. ದೊಡ್ಡವರು ಬರೆದದ್ದನ್ನು ಕೆದಕಬಾರದು. ಮೂವತ್ತು ಜನ ಒಳ್ಳೊಳ್ಳೆಯವರು ಇದ್ದರು, ಅವರ ಸಂಗತಿ ಬರೆಯಿರಿ.

ಇಲ್ಲಿ ಹದವಾದ ಮಳೆಯಾಗಿ ಬಿತ್ತನೆ ನಡೆದಿದೆ. ನನಗೆ ಕಾಗದ ಬರೆಯುತ್ತ ಕೂಡಲು ಪುರಸೊತ್ತಿಲ್ಲ.

ಒಂದು ಮಾತು ಕೇಳುವುದಿತ್ತು. ಆಶ್ಬಿ ದೊರೆಗಳು ತಮ್ಮ ದೇಶಕ್ಕೆ ಹೋಗಿ ತೀರಿಕೊಂಡರೋ, ಇಲ್ಲಿಯೋ? ಇಲ್ಲಿಯೇ ಆಗಿದ್ದರೆ ಎಲ್ಲಿ ಮಣ್ಣು ಮಾಡಿದ್ದಾರೆ?

ಗಿಡ್ಡಪ್ಪ


ಬಳ್ಳಾರಿ
೧೪ ಜುಲೈ ೧೯೪೨

ಹಿರಿಯರಾದ ಗಿಡ್ಡಪ್ಪನವರಿಗೆ ನಮಸ್ಕಾರಗಳು.

ಆಶ್ಬಿ ದೊರೆಗಳು ೧೯೧೧ರಲ್ಲಿ ಇಲ್ಲಿಯೇ ತೀರಿಕೊಂಡರು. ಪ್ರಾರ್ಥನಾಲಯದ ಹಿಂದೆ ಹುಣಸೆಯ ಮರದ ಕೆಳಗೆ ಸಮಾಧಿ ಇದೆ. ನಿನ್ನೆ ಹೋಗಿ ಸುತ್ತಲಿನ ಕಸ ತೆಗೆಸಿದೆ.

ನೀವು ಕೆದಕಬೇಡ ಎಂದಿರಿ, ನಾನು ಕೆದಕಿದೆ. ಹಾಜರಿ ಪುಸ್ತಕ ನೋಡಿದೆ. ನೀವು ಸೇರಿದ ಎರಡನೆಯ ತಿಂಗಳಿನಿಂದ ಇಪ್ಪತ್ತು ಹುಡುಗರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದ್ದಾರೆ. ನೀವು ಬಿಟ್ಟ ಮೇಲೆ ಒಂದೇ ವಾರದಲ್ಲಿ ಹದಿನೆಂಟು ಜನ ತಿರುಗಿ ಬಂದಿದ್ದಾರೆ. ನನಗೆ ಎಲ್ಲವೂ ತಿಳಿಯಿತು. ಕೆಳಗೇರಿಯ ಹುಡುಗನ ಜೊತೆ ಕೂಡುವುದಿಲ್ಲವೆಂದು ಅವರು ಹಟ ಹಿಡಿದರು, ಆಶ್ಬಿ ದೊರೆಗಳು ನಿಮ್ಮನ್ನು ಹೊರಗೆ ಹಾಕಿದರು, ತಪ್ಪು ಮುಚ್ಚಲು ನಿಮ್ಮನ್ನೇ ದಡ್ಡನೆಂದು ಬರೆದರು. ಚರಿತ್ರೆಯಲ್ಲಿ ಹೀಗೆಯೇ ಬರೆದಿದ್ದೇನೆ. ಕರಡು ಪ್ರತಿ ಇದರ ಜೊತೆಗಿದೆ. ಕ್ರಿಸ್ತನ ಹೆಸರು ಹೊತ್ತ ಕಾಲೇಜು ಇಂಥದನ್ನು ಬಚ್ಚಿಡಬಾರದು.

ಉತ್ಸವದ ವರ್ಷದ ನೆನಪಿಗೆ ಬರುವ ಜೂನ್‌ನಿಂದ ಶಿಕ್ಷಕಿಯರ ತರಬೇತಿ ವರ್ಗ ತೆರೆಯುತ್ತಿದ್ದೇವೆ. ಹೆಣ್ಣುಮಕ್ಕಳಿಗೆ ಊಟ ವಸತಿ ಇಲ್ಲಿಯೇ. ನಿಮ್ಮ ಸುತ್ತಿನಲ್ಲಿ ಯಾರಾದರೂ ಇದ್ದರೆ ತಿಳಿಸಿ.

ಎಸ್ತೇರಮ್ಮ


ಬೇವೂರು
೫ ಆಗಸ್ಟ್ ೧೯೪೨

ಎಸ್ತೇರಮ್ಮನವರಿಗೆ.

ನಿಮ್ಮ ಕರಡು ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ದೊರೆಗಳು ನನ್ನನ್ನು ಹೊರಗೆ ಹಾಕಲಿಲ್ಲ. ಮೊದಲು ಅದನ್ನು ಹೊಡೆದುಹಾಕಿರಿ. ಮಿಕ್ಕವರೆಲ್ಲ ನನ್ನ ಬೆಂಚಿನಿಂದ ಮಾರು ದೂರ ಕೂಡುತ್ತಿದ್ದಾಗ ಆ ಮನುಷ್ಯ ತನ್ನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಪಾಠ ಹೇಳುತ್ತಿದ್ದ. ನನಗೆ ಬೇರೆ ಮಡಕೆ ಇಡಬೇಕೆಂದು ಅಂದವರ ಎದುರಿಗೆ ತಾನೇ ತಂಬಿಗೆ ಹಿಡಿದು ನನ್ನ ಬೊಗಸೆಗೆ ನೀರು ಹಾಕಿ, ಉಳಿದ ನೀರನ್ನು ತಾನು ಕುಡಿದ. ಆತನ ಗೋರಿಯ ಕಸ ತೆಗೆಸಿದಿರಿ, ಒಳ್ಳೆಯದು. ಈ ಹಾಳೆಯನ್ನೂ ತೆಗೆಯಿರಿ.

ನಿಮಗೆ ತಿಳಿದದ್ದು ಅರ್ಧ. ಉಳಿದರ್ಧ ಹೇಳುವ ಮನಸ್ಸು ನನಗಿಲ್ಲ.

ತರಬೇತಿ ವರ್ಗಕ್ಕೆ ಯಾವ ಜಾತಿಯವರನ್ನು ತೆಗೆದುಕೊಳ್ಳುತ್ತೀರಿ, ಇಂಗ್ಲಿಷ್ ಎಷ್ಟು ಬರಬೇಕು? ನಮ್ಮ ಕೇರಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಸರಕಾರಿ ಸಾಲೆಯಲ್ಲಿ ಉರ್ದು ಆರನೆಯ ಇಯತ್ತೆ ಆಗಿದೆ. ಕನ್ನಡ ಮತ್ತು ಲೆಕ್ಕವನ್ನು ಮನೆಯಲ್ಲಿ ಕಲಿತಿದ್ದಾಳೆ.

ಗಿಡ್ಡಪ್ಪ


ಬಳ್ಳಾರಿ
೨೦ ಅಕ್ಟೋಬರ್ ೧೯೪೨

ಹಿರಿಯರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಆಗಸ್ಟಿನ ಚಳವಳಿಯಲ್ಲಿ ನಮ್ಮ ಹುಡುಗರೂ ಹೊರಗೆ ಬಂದರು, ಕಾಲೇಜು ಆರು ವಾರ ಮುಚ್ಚಿತು, ತಂತಿ ಕಡಿದು ರೈಲು ಟಪಾಲು ಎರಡೂ ಏರುಪೇರಾದವು. ನಿಮ್ಮ ಕಾಗದ ನನಗೆ ಸಿಕ್ಕದ್ದೇ ಸೆಪ್ಟೆಂಬರ್ ಕೊನೆಗೆ. ನಾನು ಸಿಟ್ಟಾಗಿ ಸುಮ್ಮನಿದ್ದೇನೆಂದು ತಿಳಿದಿರಬಹುದು. ಇಲ್ಲ. ಬದಲಿಗೆ ನಾಚಿಕೆಯಾಯಿತು.

ಹಾಳೆ ತೆಗೆದುಹಾಕಿದ್ದೇನೆ. ಆದರೆ ಆ ಜಾಗದಲ್ಲಿ ಏನು ಬರೆಯಲಿ? ನೀವು ಹೇಳದಿದ್ದರೆ ರಿಜಿಸ್ಟರಿನ ಮಾತೇ ಅಚ್ಚಾಗುತ್ತದೆ. ಇನ್ನೈವತ್ತು ವರ್ಷದ ಮೇಲೆ ಓದುವವರೂ ಕೆಳಗೇರಿಯಿಂದ ಬಂದ ಮೊದಲ ಹುಡುಗನಿಗೆ ಓದು ನಿಭಾಯಿಸಲಾಗಲಿಲ್ಲ ಎಂದೇ ಓದುತ್ತಾರೆ. ನಿಮಗೆ ಅದು ನಡೆಯಬಹುದು. ತರಬೇತಿಗೆ ಬರಬೇಕೆಂದಿರುವ ಆ ಹುಡುಗಿಗೆ ನಡೆಯುತ್ತದೆಯೇ?

ಎಲ್ಲ ಜಾತಿಯವರನ್ನೂ ತೆಗೆದುಕೊಳ್ಳುತ್ತೇವೆ. ಮತ ಬದಲಿಸಬೇಕೆಂಬ ಕಟ್ಟಳೆ ಇಲ್ಲ. ಇಂಗ್ಲಿಷ್ ಸ್ವಲ್ಪ ಬಂದರೆ ಸಾಕು. ಫೆಬ್ರುವರಿಯಲ್ಲಿ ಪ್ರವೇಶ ಪರೀಕ್ಷೆ. ಅರ್ಜಿಯ ಕಾಗದ ಕಳುಹಿಸಿದ್ದೇನೆ.

ಎಸ್ತೇರಮ್ಮ


ಬೇವೂರು
೧೧ ನವೆಂಬರ್ ೧೯೪೨

ತಾಯಿ ಎಸ್ತೇರಮ್ಮನವರಿಗೆ ಗಿಡ್ಡಪ್ಪನ ಶರಣು.

ನಿಮ್ಮ ಕೊನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾರ ಮುಂದೆಯೂ ಹೇಳದಿದ್ದುದನ್ನು ಬರೆಯುತ್ತೇನೆ. ನನ್ನ ಹೆಂಡತಿ ಸುಂಕಲಮ್ಮನಿಗೂ ಇದು ಗೊತ್ತಿಲ್ಲ.

ನನ್ನ ಸೋದರಮಾವ ಗಾಳೆಪ್ಪ ಬಳ್ಳಾರಿಯಲ್ಲಿ ಆಶ್ಬಿ ದೊರೆಗಳ ಬಂಡಿ ಹೊಡೆಯುತ್ತಿದ್ದ. ಎಂಟು ವರ್ಷದವನಿದ್ದಾಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಕುದುರೆ ಲಾಯದ ಪಕ್ಕದ ಕೋಣೆಯಲ್ಲಿ ನಮ್ಮ ವಾಸ. ಕುದುರೆಗೆ ಹುಲ್ಲು ಹಾಕುತ್ತ ಮಿಶನ್ ಸಾಲೆಗೆ ಹೋದೆ, ಮೆಟ್ರಿಕ್ ಮುಗಿಸಿದೆ. ಕಾಲೇಜು ತೆರೆದಾಗ ದೊರೆಗಳೇ ನನ್ನ ಹೆಸರು ಬರೆದರು.

ಹುಡುಗರು ಬಿಡತೊಡಗಿದ ಸಂಗತಿ ನಿಮಗೆ ಗೊತ್ತಿದೆ. ಅವರಲ್ಲಿ ಕೆಲವರು ಕೆಟ್ಟವರಾಗಿರಲಿಲ್ಲ. ನನ್ನ ಜೊತೆ ಕೂತರೆ ಮನೆಯಲ್ಲಿ ತಂದೆ ತಾಯಿ ಒಳಗೆ ಸೇರಿಸುತ್ತಿರಲಿಲ್ಲ. ಊರ ಹಿರಿಯರು ಬಂದು ದೊರೆಗಳ ಎದುರು ನಿಂತಾಗ ನಾನು ಹೊರಗಿನ ಕಟ್ಟೆಯ ಮೇಲಿದ್ದೆ. ದೊರೆಗಳು ಒಂದೇ ಮಾತು ಹೇಳಿದರು. "ಒಂದೇ ಬೆಂಚು ಉಳಿದರೂ ಅದರ ಮೇಲೆ ಈ ಹುಡುಗ ಕೂತಿರುತ್ತಾನೆ."

ಸೆಪ್ಟೆಂಬರ್ ನಡುವೆ ಒಂದು ಮುಂಜಾನೆ ಮಾವ ಕುದುರೆಯ ಮೈ ತಿಕ್ಕುತ್ತ ನನಗೆ ಹೇಳಿದ: "ಮದ್ರಾಸಿಂದ ಮಿಶನ್ನವರ ಕಾಗದ ಬಂದೈತಿ. ತಿಂಗಳ ಕೊನಿಗೆ ಹದಿನೈದು ಹುಡುಗರು ಇರಲಿಲ್ಲಂದ್ರ ಕಾಲೇಜು ಮುಚ್ಚತಾರಂತ. ದೊರಿ ಎರಡು ದಿನ ಆತು ಸರಿಯಾಗಿ ಉಂಡಿಲ್ಲ."

ಆಗ ನಾವು ಉಳಿದವರು ಹನ್ನೊಂದು ಜನ. ನಾಲ್ಕು ದಿನ ವಿಚಾರ ಮಾಡಿದೆ. ನಾನು ಹೋಗುತ್ತೇನೆ, ಕಾಲೇಜು ಉಳಿಸಿಕೊಳ್ಳಿ ಎಂದು ಹೇಳಿದರೆ ಆತ ಬಿಡುವವನಲ್ಲ. ಕಾಲೇಜು ಮುಚ್ಚಿದರೂ ಬಿಡುವವನಲ್ಲ. ಅದಕ್ಕೆ ಸುಳ್ಳು ಹೇಳಿದೆ.

"ನನಗ ಓದು ತಲಿಗೆ ಹತ್ತವಲ್ದುರಿ. ಊರಿಗೆ ಹೋಗ್ತೀನಿ" ಅಂದೆ.

"ಯಾರಾದರೂ ನಿನಗೆ ಏನಾದರೂ ಅಂದರೇನು?"

"ಯಾರೂ ಏನೂ ಅಂದಿಲ್ರಿ. ನನಗ ತಿಳಿವಲ್ದು, ಅಷ್ಟೇ."

ಆತ ನಂಬಲಿಲ್ಲ. ಪಾಟಿ ಕೊಟ್ಟು ಸಮದ್ವಿಬಾಹು ತ್ರಿಕೋಣದ ಸಿದ್ಧಾಂತ ಬಿಡಿಸೆಂದ. ಎಲ್ಲ ಹುಡುಗರಿಗೂ ಕಷ್ಟವಾಗಿದ್ದ ಪಾಠ ಅದು. ಆ ವಾರ ನಾನೇ ಹಲಗೆಯ ಮೇಲೆ ಬಿಡಿಸಿ ತೋರಿಸಿದ್ದೆ. ಈಗ ಒಂದೊಂದು ಸಾಲನ್ನೂ ತಪ್ಪು ಬರೆದೆ. ನನ್ನ ಕೈ ತಾನಾಗಿ ಸರಿಯಾದ ಗೆರೆಯ ಕಡೆಗೆ ಹೋಗುತ್ತಿತ್ತು, ನಾನು ಎಳೆದೆಳೆದು ತಪ್ಪು ಕಡೆಗೆ ಒಯ್ಯುತ್ತಿದ್ದೆ. ಆತ ಪಾಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ರಿಜಿಸ್ಟರು ತೆಗೆದು ನೀವು ಓದಿದ ಸಾಲನ್ನು ಬರೆದ. ನನ್ನ ತಲೆಯ ಮೇಲೆ ಕೈ ಇಟ್ಟ.

ಅದೇ ಮಧ್ಯಾಹ್ನ ಹೊರಟೆ. ಊರಲ್ಲಿ ಎಲ್ಲರೂ ಅಂದರು, ದಡ್ಡ, ಸಾಲಿ ಬಿಡಿಸಿ ಕಳಿಸಿದರು ಎಂದು. ಅನ್ನಲಿ ಎಂದು ಬಿಟ್ಟೆ. ನಿಜ ಹೇಳಿದರೆ ಯಾರ ಬಾಯಿಂದಲೋ ಅದು ಬಳ್ಳಾರಿಗೆ ಮುಟ್ಟೀತು, ದೊರೆಗಳು ನನ್ನನ್ನು ತಿರುಗಿ ಕರೆದಾರು ಎಂಬ ಹೆದರಿಕೆ. ವರ್ಷಗಳು ಕಳೆದ ಮೇಲೆ ಹೇಳಬೇಕೆಂಬ ಅವಸರವೇ ಉಳಿಯಲಿಲ್ಲ.

ಕಾಲೇಜು ಬಿಟ್ಟದ್ದಕ್ಕೆ ನನಗೆ ದುಃಖವಿಲ್ಲ. ಒಂದೇ ಸಂಕಟ. ಆ ಮನುಷ್ಯ ನನ್ನನ್ನು ದಡ್ಡನೆಂದು ತಿಳಿದೇ ಸತ್ತ.

ಬರೆಯುವುದಿದ್ದರೆ ಹೀಗೆ ಬರೆಯಿರಿ. ಬಿಟ್ಟು ಹೋದ ಆ ಇಪ್ಪತ್ತು ಹುಡುಗರ ಹೆಸರು ಮಾತ್ರ ಹಾಕಬೇಡಿರಿ. ಅವರಿಗೂ ಈಗ ಮೊಮ್ಮಕ್ಕಳಿರಬಹುದು.

ಗಿಡ್ಡಪ್ಪ


ಬಳ್ಳಾರಿ
೧೮ ಡಿಸೆಂಬರ್ ೧೯೪೨

ಗಿಡ್ಡಪ್ಪಜ್ಜನವರಿಗೆ ನಿಮ್ಮ ಎಸ್ತೇರಳ ನಮಸ್ಕಾರಗಳು.

ಅಜ್ಜ ಎಂದು ಬರೆಯುತ್ತಿದ್ದೇನೆ, ಬೇಡವೆನ್ನಬೇಡಿ.

ನಿಮ್ಮ ಕಾಗದ ಓದಿದ ಮೇಲೆ ನಾನು ಹಳೆಯ ಪೆಟ್ಟಿಗೆಗಳನ್ನೆಲ್ಲ ತೆಗೆಸಿದೆ. ಆಶ್ಬಿ ದೊರೆಗಳು ತಾವು ಬರೆದ ಪತ್ರಗಳ ನಕಲು ಇಡುತ್ತಿದ್ದರೆಂದು ಕೇಳಿದ್ದೆ. ಹದಿನೇಳು ದಿನ ಹುಡುಕಿದೆ. ೧೮೯೩ರ ನಕಲು ಪುಸ್ತಕ ಗೆದ್ದಲು ತಿಂದು ಅಂಚಿಲ್ಲದಂತಾಗಿತ್ತು, ಆದರೆ ನಡುವಿನ ಹಾಳೆಗಳು ಉಳಿದಿದ್ದವು. ಸೆಪ್ಟೆಂಬರ್ ೨೩ರಂದು ಅವರು ತಮ್ಮ ಅಣ್ಣನಿಗೆ ಬರೆದದ್ದನ್ನು ಕನ್ನಡಕ್ಕೆ ತಂದು ಕೆಳಗೆ ಕೊಟ್ಟಿದ್ದೇನೆ. ಕೂತು ಓದಿರಿ.

'ಹುಡುಗ ನಿನ್ನೆ ಹೋದ. ತನಗೆ ಓದು ಬಾರದೆಂದು ಹೇಳಿದ. ಮಂಗಳವಾರ ಹಲಗೆಯ ಮೇಲೆ ತಪ್ಪಿಲ್ಲದೆ ಬಿಡಿಸಿದ್ದ ಸಿದ್ಧಾಂತವನ್ನೇ ಅವನ ಮುಂದಿಟ್ಟೆ. ಪ್ರತಿಯೊಂದು ಸಾಲನ್ನೂ ತಪ್ಪು ಬರೆದ. ಬಾರದವನು ಒಂದೆರಡು ಕಡೆಯಾದರೂ ಅರಿಯದೆ ಸರಿ ಬರೆಯುತ್ತಾನೆ. ಎಲ್ಲಿಯೂ ಸರಿಯಾಗದಂತೆ ಬರೆಯಲು ಎಲ್ಲವೂ ಬರಬೇಕು. ಅವನು ಏನು ಮಾಡುತ್ತಿದ್ದಾನೆಂದು ನನಗೆ ತಿಳಿಯಿತು. ತಿಳಿದೂ ಹೋಗಗೊಟ್ಟೆ. ನನಗೆ ನನ್ನ ಕಾಲೇಜು ಬೇಕಾಗಿತ್ತು. ಅವನು ಕೊಟ್ಟ ಸುಳ್ಳನ್ನೇ ರಿಜಿಸ್ಟರಿನಲ್ಲಿ ಬರೆದೆ, ಏಕೆಂದರೆ ಬೇರೆ ಏನು ಬರೆದರೂ ನಾನು ಅವನನ್ನು ತಿರುಗಿ ಕರೆಯಬೇಕಾಗುತ್ತಿತ್ತು. ನನ್ನ ವರ್ಗದ ಅತ್ಯಂತ ಜಾಣ ಹುಡುಗನನ್ನು ನಾನು ದಡ್ಡನೆಂದು ಬರೆದಿದ್ದೇನೆ. ಈ ಕಾಲೇಜಿಗೆ ಕಾಲು ಬಲಿತ ದಿನ ಆ ಕೇರಿಗಳಿಗೆ ಬಾಗಿಲು ತೆರೆಯುತ್ತೇನೆ, ಆಮೇಲೆ ಯಾರು ಬಿಟ್ಟು ಹೋದರೂ ಮುಚ್ಚುವುದಿಲ್ಲ.'

ಅಜ್ಜಾ, ಆರು ವರ್ಷಗಳ ಮೇಲೆ, ೧೮೯೯ರಲ್ಲಿ, ದೊರೆಗಳು ಕೇರಿಯ ಮೂವರು ಹುಡುಗರನ್ನು ಒಟ್ಟಿಗೆ ಸೇರಿಸಿಕೊಂಡರು. ಆಗಲೂ ಕೆಲವರು ಬಿಟ್ಟು ಹೋದರು. ದೊರೆಗಳು ಹೋಗಲಿ ಎಂದರು. ಆ ಮೂವರಲ್ಲಿ ಒಬ್ಬರು ಆದವಾನಿಯ ಸಮುವೇಲಪ್ಪ. ಅವರು ನನ್ನ ತಂದೆ. ನಾನು ಓದಿದ್ದು ಅವರು ಓದಿದ್ದರಿಂದ. ಈ ಸಂಗತಿಯನ್ನು ಮೊದಲೇ ನಿಮಗೆ ಬರೆಯಬಹುದಿತ್ತು. ಚರಿತ್ರೆ ಬರೆಯುವವಳು ತನ್ನ ಮನೆಯ ಮಾತು ನಡುವೆ ತರಬಾರದೆಂದು ಬಿಗುಮಾನದಿಂದಿದ್ದೆ.

ಎರಡು ಕಾಗದಗಳನ್ನೂ ಉತ್ಸವದ ಸಮಿತಿಗೆ ಒಪ್ಪಿಸಿದ್ದೇನೆ. ಕೆಲವರು ದೊರೆಗಳ ಹೆಸರಿಗೆ ಕಳಂಕ ಎನ್ನುತ್ತಿದ್ದಾರೆ. ತೀರ್ಮಾನ ಇನ್ನೂ ಆಗಿಲ್ಲ. ಸಮಿತಿಯ ಹಿರಿಯರಾದ ವಕೀಲ ವೆಂಕೋಬರಾಯರು ಒಂದು ಮಾತೂ ಆಡದೆ ಎದ್ದು ಹೋದರು. ಅವರು ವಿರೋಧಿಸಿದರೆ ಕಷ್ಟ.

ಇನ್ನೊಂದು ಮಾತು. ಅರ್ಜಿ ಬಂದಿದೆ. 'ಹುಲಗೆಮ್ಮ, ವಯಸ್ಸು ೧೭, ಪಾಲಕರು: ಅಜ್ಜ ಗಿಡ್ಡಪ್ಪ.' ನಮ್ಮ ಕೇರಿಯ ಒಬ್ಬ ಹುಡುಗಿ ಎಂದು ಬರೆದಿದ್ದಿರಿ. ಮೊಮ್ಮಗಳೆಂದು ಏಕೆ ಹೇಳಲಿಲ್ಲ?

ಎಸ್ತೇರ


ಬೇವೂರು
೯ ಜನವರಿ ೧೯೪೩

ಮಗಳೇ ಎಸ್ತೇರ,

ಮೊಮ್ಮಗಳೆಂದು ಹೇಳಿದ್ದರೆ ನೀನು ಮುಲಾಜಿಗೆ ಬಿದ್ದು ಸೇರಿಸಿಕೊಂಡೀಯೆ ಎಂದು ಹೇಳಲಿಲ್ಲ. ಅವಳು ತನ್ನ ಬಲದಿಂದ ಬರಬೇಕು.

ದೊರೆಗಳ ಪತ್ರವನ್ನು ಹೊಲದ ಬದುವಿನ ಮೇಲೆ ಕೂತು ಓದಿದೆ. ಮೂರು ಸಲ ಓದಿದೆ. ಎದ್ದು ಕಳೆ ತೆಗೆಯಲು ಹೋದೆ, ಕೆಲಸ ಸಾಗಲಿಲ್ಲ, ಮನೆಗೆ ಬಂದೆ. ಆತನ ಮೇಲೆ ನನಗೆ ಸಿಟ್ಟು ಬರಬೇಕೆಂದು ನೀನು ತಿಳಿದಿರಬಹುದು. ಬರಲಿಲ್ಲ. ಅತ್ಯಂತ ಜಾಣ ಹುಡುಗ ಎಂದು ಬರೆದಿದ್ದಾನಲ್ಲ. ಅರವತ್ತಾರು ವರ್ಷದ ಮುದುಕ ನಾನು, ಚಿಕ್ಕ ಹುಡುಗನ ಹಾಗೆ ಅತ್ತೆ.

ಸುಂಕಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಯಾರು ಸತ್ತರು ಎಂದು ಕೇಳಿದಳು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು, ತೆಗೆದಳು, ಇನ್ನೊಂದು ಬಡಿದಳು. ಆಮೇಲೆ ಬಾಯಿ ಬಿಟ್ಟಳು.

"ನಲವತ್ತೈದು ವರ್ಷ ನನ್ನ ಜೋಡಿ ಸಂಸಾರ ಮಾಡಿದಿ. ದಡ್ಡನ್ನ ಕಟಗೊಂಡೀದಿ ಅಂತ ನಮ್ಮ ಅಕ್ಕದೇರು ಅಂದಾಗೆಲ್ಲ ನಾನು ಅವರ ಜೋಡಿ ಜಗಳಾಡೀನಿ. ನೀ ಸುಮ್ನ ಕುಂತು ಕೇಳೀದಿ."

"ಹೌದು" ಅಂದೆ.

"ನನಗಾದ್ರೂ ಹೇಳಬೇಕಾಗಿತ್ತು. ನಾನು ಬಳ್ಳಾರಿಗೆ ಹೋಗಿ ಯಾರಿಗೆ ಹೇಳ್ತಿದ್ನಿ?"

ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ಬಾವಿಯ ಹತ್ತಿರ ಹತ್ತು ಹೆಂಗಸರ ನಡುವೆ ನಿಂತು ಅದೇ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದುದನ್ನು ಕೇಳಿದೆ.

ಉತ್ಸವಕ್ಕೆ ಬರಬೇಕೆಂದು ಕಾಲೇಜಿನಿಂದ ಕರೆಯೋಲೆ ಬಂದಿದೆ. ಬಿಳಿಜೋಳದ ಸುಗ್ಗಿ ಅದೇ ಹೊತ್ತಿಗೆ ಬರುತ್ತದೆ. ನೋಡುತ್ತೇನೆ. ಹುಲಗೆಮ್ಮ ಪರೀಕ್ಷೆಗೆ ಖಂಡಿತ ಬರುತ್ತಾಳೆ.

ನಿನ್ನ ಅಜ್ಜ,
ಗಿಡ್ಡಪ್ಪ


ಬಳ್ಳಾರಿ
೩ ಮಾರ್ಚ್ ೧೯೪೩

ಪ್ರೀತಿಯ ಅಜ್ಜನಿಗೆ,

ಉತ್ಸವ ಮುಗಿಯಿತು. ನೀವು ಬರಲಿಲ್ಲ. ಸುಗ್ಗಿ ಇತ್ತೆಂದು ಕಾರ್ಡು ಬರೆದಿರಿ. ಆದರೆ ಹುಲಗೆಮ್ಮ ನನ್ನ ಮುಂದೆ ಸುಳ್ಳು ಹೇಳಲಾರದೆ ನಡೆದದ್ದನ್ನು ಹೇಳಿದಳು. ನೀವು ಒಗೆದ ಧೋತರ ಉಟ್ಟು ಅವಳ ಜೊತೆ ಕೊಪ್ಪಳ ಸ್ಟೇಷನ್ನಿನವರೆಗೆ ಬಂದಿರಂತೆ. ರೈಲು ಬಂದು ನಿಂತಾಗ ಅವಳನ್ನು ಹುಸೇನಪ್ಪ ಮತ್ತು ಅವನ ಹೆಂಡತಿ ಹಜರತಬೀ ಇದ್ದ ಡಬ್ಬಿಗೆ ಹತ್ತಿಸಿ, "ನನ್ನ ಕಾಲು ಏಳವಲ್ದು, ನೀ ಹೋಗವ್ವ" ಎಂದು ತಿರುಗಿದಿರಂತೆ. ನಾನು ಬೇಸರ ಮಾಡಿಕೊಂಡಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಉತ್ಸವಕ್ಕೆ ಐದು ದಿನ ಇರುವಾಗ ಸಮಿತಿಯ ಕೊನೆಯ ಸಭೆ. ಹತ್ತೊಂಬತ್ತನೆಯ ಹೆಸರಿನ ಪ್ರಕರಣ ಬಿಟ್ಟುಬಿಡೋಣ ಎಂಬ ಕಡೆಗೇ ಹೆಚ್ಚಿನವರು ವಾಲಿದ್ದರು. ಆಗ ವೆಂಕೋಬರಾಯರು ಕೋಲೂರಿ ಎದ್ದರು. "ಅಚ್ಚು ಹಾಕಸ್ರಿ. ಬಿಟ್ಟು ಹೋದ ಇಪ್ಪತ್ತು ಮಂದ್ಯಾಗ ನಾನೂ ಒಬ್ಬ. ನಮ್ಮಪ್ಪ ಹೇಳಿದ್ದಕ್ಕ ಬಿಟ್ಟೆ, ಅದು ಖರೆ. ಆದ್ರ ತಿರುಗಿ ಬಂದ ದಿನ ಆ ಬೆಂಚು ಖಾಲಿ ನೋಡಿ ನನಗ ಸಂತೋಷ ಆಗಿತ್ತು. ಅದಕ್ಕ ಅಪ್ಪ ಕಾರಣ ಅಲ್ಲ. ನನ್ನ ಹೆಸರು ಹಾಕಿ ಬರೀರಿ" ಎಂದರು. ನೀವು ಹೆಸರು ಬೇಡವೆಂದಿದ್ದಿರಿ. ಅವರು ಬೇಕೆಂದು ಹಟ ಹಿಡಿದರು. ಅವರದೊಂದೇ ಹೆಸರು ಹಾಕಿದ್ದೇನೆ, ಕ್ಷಮಿಸಿರಿ.

ಉತ್ಸವದ ದಿನ ಆ ಅಧ್ಯಾಯವನ್ನು ನಾನೇ ಓದಿದೆ. ನಮ್ಮ ಪ್ರಿನ್ಸಿಪಾಲರು ಹಳೆಯ ರಿಜಿಸ್ಟರನ್ನು ತಿದ್ದಲು ಒಪ್ಪಲಿಲ್ಲ. ಬರೆದದ್ದು ಬರೆದ ಹಾಗೆಯೇ ಇರಬೇಕು ಎಂದರು. ಆದರೆ ಅದೇ ಸಾಲಿನ ಕೆಳಗೆ ಹೊಸ ಶಾಯಿಯಲ್ಲಿ, 'ಈ ವಿದ್ಯಾರ್ಥಿ ಕಾಲೇಜನ್ನು ಉಳಿಸುವುದಕ್ಕಾಗಿ ಬಿಟ್ಟ' ಎಂದು ಬರೆದು ರುಜು ಹಾಕಿದರು.

ಹುಲಗೆಮ್ಮ ಕನ್ನಡದಲ್ಲಿ ಮೊದಲನೆಯವಳು. ಲೆಕ್ಕ ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಎರಡು ಅಂಕ ಕಡಿಮೆ ಬಿದ್ದವು. ಆರು ತಿಂಗಳಲ್ಲಿ ಸರಿಪಡಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡಿದ್ದೇವೆ. ಮುಲಾಜಿಲ್ಲ, ನಂಬಿರಿ. ಉಳಿದ ಹುಡುಗಿಯರಲ್ಲಿ ಇಬ್ಬರ ಮನೆಯವರು ಪಂಕ್ತಿ ಬೇರೆ ಆಗಬೇಕೆಂದು ಬರೆದಿದ್ದಾರೆ. ಅಡುಗೆಮನೆ ಒಂದೇ, ಪಂಕ್ತಿ ಒಂದೇ ಎಂದು ಉತ್ತರ ಹೋಗಿದೆ. ಅವರಲ್ಲಿ ಒಬ್ಬಳು ಬರುತ್ತಾಳಂತೆ. ಇನ್ನೊಬ್ಬಳದು ತಿಳಿಯದು.

ನಿಮ್ಮ ಎಸ್ತೇರ


ಬಳ್ಳಾರಿ
೧೯ ಜೂನ್ ೧೯೪೩

ಪ್ರೀತಿಯ ಅಜ್ಜನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ನೀವು ಗಾಬರಿಯಾಗಿರಬಹುದು. ಸುಂಕಲಮ್ಮಜ್ಜಿ ಇಲ್ಲಿದ್ದಾರೆ. ಚೆನ್ನಾಗಿದ್ದಾರೆ.

ಇವತ್ತು ಹನ್ನೊಂದು ಗಂಟೆಗೆ ಪುಸ್ತಕಾಲಯದ ಬಾಗಿಲಲ್ಲಿ ಹಸಿರು ಇಳಕಲ್ ಸೀರೆಯ ಅಜ್ಜಿಯೊಬ್ಬರು ಬಂದು ನಿಂತರು. ಅವರ ಹಿಂದೆ ಇಬ್ಬರು ಹುಡುಗಿಯರು, ತಲೆಯ ಮೇಲೆ ಬುತ್ತಿಯ ಗಂಟು.

"ಎಸ್ತೇರಮ್ಮ ಅಂದ್ರ ನೀವ ಏನ್ರಿ? ನಾನು ಬೇವೂರ ಗಿಡ್ಡಪ್ಪನ ಹೇಣ್ತಿ."

ನಾನು ದಡಬಡಿಸಿ ಎದ್ದೆ. ಅಜ್ಜ ಎಲ್ಲಿ ಎಂದೆ.

"ಅವಗ ಗೊತ್ತಿಲ್ರಿ. ಹುಲಗೆಮ್ಮದೇವಿ ಗುಡಿಗೆ ಹೋಗ್ತೀನಿ ಅಂತ ಹೇಳಿ ಬಂದೀನಿ. ಹುಲಗ್ಯಾಗ ರೈಲು ನಿಂತಿತ್ತು. ಕುಂತಲ್ಲೇ ಕೈ ಮುಗುದು, ತಾಯಿ, ಬರೋವಾಗ ಇಳೀತೀನಿ ಅಂದೆ. ಅಂವ ಕೊಪ್ಪಳ್ದಾಗ ತಿರುಗಿದ. ನನಗ ಕಾಲು ಛಲೋ ಅದಾವ್ರಿ."

ಕಾಲೇಜೆಲ್ಲ ಸುತ್ತಿದರು. ಮೊದಲ ವರ್ಗ ನಡೆದ ಕೋಣೆ ಈಗ ಉಗ್ರಾಣ. ಅದನ್ನೂ ತೆಗೆಸಿ ನೋಡಿದರು. ಆಮೇಲೆ ಸಮಾಧಿಯ ಹತ್ತಿರ ಬಹಳ ಹೊತ್ತು ನಿಂತರು. ಏನು ಬೇಡಿಕೊಂಡಿರಿ ಎಂದು ಕೇಳಿದೆ. "ಬೇಡಲಿಲ್ರಿ, ಬೈದೆ. ಗೊತ್ತಿದ್ದೂ ಬಿಟ್ಟು ಕಳಿಸಿದಿ ಅಂತ. ಬೈದ ಮ್ಯಾಲ ಮನಸು ಹಗುರಾತು, ಹೂವು ಇಟ್ಟೆ" ಎಂದರು.

ಊಟದ ಹೊತ್ತಿಗೆ ಹುಲಗೆಮ್ಮನ ಪಂಕ್ತಿಯಲ್ಲೇ ಕೂತರು. ಪಂಕ್ತಿ ಬೇರೆ ಕೇಳಿದ್ದ ಇಬ್ಬರಲ್ಲಿ ಬಂದವಳು ಒಬ್ಬಳೇ. ಅವಳು ಇಷ್ಟು ದಿನ ತುದಿಯಲ್ಲಿ ಕೂಡುತ್ತಿದ್ದಳು. ಇವತ್ತು ಅಜ್ಜಿಯ ಬುತ್ತಿಯ ಗುರೆಳ್ಳು ಚಟ್ನಿಗೆ ಎರಡನೆಯ ಸಲ ಕೈ ಚಾಚಿದಳು.

ಊಟವಾದ ಮೇಲೆ ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋಗೆಂದರು. ಕುರ್ಚಿ ಕೊಟ್ಟರೂ ಕೂಡಲಿಲ್ಲ. ಇಬ್ಬರು ಹುಡುಗಿಯರನ್ನೂ ಮುಂದಕ್ಕೆ ನೂಕಿ ಹೇಳಿದರು: "ಇಕಿ ಮಾರೆವ್ವ, ಇಕಿ ಫಕೀರಮ್ಮ. ನಮ್ಮ ಕೇರಿ ಹುಡುಗ್ಯಾರು, ಇವರ ಅವ್ವದೇರ ಒಪ್ಪಿಗಿ ತಗೊಂಡ ಬಂದೀನಿ. ನಮ್ಮ ಮನಿಯವ ಅಕ್ಷರ ಕಲಿಸ್ಯಾನ. ಪರೀಕ್ಷಾ ತಗೋರಿ, ಪಾಸಾದ್ರ ಇಟಗೋರಿ. ಇನ್ನೂ ನಾಕು ಮಂದಿ ಊರಾಗ ಅದಾರ, ಅವರನ್ನ ದೀಪಾವಳಿ ಆದ ಮ್ಯಾಲ ತರ್ತೀನಿ."

ಪ್ರಿನ್ಸಿಪಾಲರು ನಕ್ಕರು. ಇಬ್ಬರಿಗೂ ತರಬೇತಿ ವರ್ಗಕ್ಕೆ ವಯಸ್ಸು ಸಾಲದು. ಕಾಲೇಜಿಗೆ ಸೇರಿದ ಬಾಲಿಕಾ ಶಾಲೆಯಲ್ಲಿ ಜಾಗ ಇದೆ. ಮುಂದಿನ ಗುರುವಾರ ಪರೀಕ್ಷೆ. ಅಲ್ಲಿಯವರೆಗೆ ಮೂವರೂ ನನ್ನ ಕೋಣೆಯಲ್ಲಿರುತ್ತಾರೆ. ಅಜ್ಜಿಯನ್ನು ಹೇಗೆ ಕಳುಹಿಸಲಿ, ಬರೆಯಿರಿ.

ಎಸ್ತೇರ


ಬೇವೂರು
೨೨ ಜೂನ್ ೧೯೪೩

ಮಗಳೇ ಎಸ್ತೇರ,

ನಿನ್ನ ಕಾಗದ ಈ ಸಲ ಮೂರೇ ದಿನದಲ್ಲಿ ಮುಟ್ಟಿತು. ಕೊಪ್ಪಳದಿಂದ ಹುಸೇನಪ್ಪ ತಾನೇ ತಂದುಕೊಟ್ಟ. ಇದನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಇಂದು ಸಂಜೆಯ ರೈಲಿಗೆ ಬಳ್ಳಾರಿಗೆ ಬರುತ್ತಾನಂತೆ.

ಅವಳು ಹುಲಗಿಯ ಗುಡಿಯಲ್ಲಿದ್ದಾಳೆಂದು ತಿಳಿದು ನಾನು ನೆಮ್ಮದಿಯಿಂದಿದ್ದೆ. ರೊಟ್ಟಿ ನಾನೇ ಬಡಿದುಕೊಂಡೆ, ಎಲ್ಲವೂ ಹರಿದವು. ಇಬ್ಬರು ಹುಡುಗಿಯರ ತಾಯಂದಿರನ್ನು ಕೇಳಿದರೆ ಸೆರಗು ಬಾಯಿಗಿಟ್ಟು ನಗುತ್ತಾರೆ. ಇಡೀ ಕೇರಿಗೆ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಇರಲಿ. ಅವಳಿಗೆ ಆ ಹಕ್ಕಿದೆ.

ಅವಳನ್ನು ಈಗಲೇ ಕಳುಹಿಸಬೇಡ. ಮಾರೆವ್ವನ ಚಿಂತೆ ನನಗಿಲ್ಲ. ಮಾತು ಕಡಿಮೆ, ಲೆಕ್ಕ ಗಟ್ಟಿ. ಫಕೀರಮ್ಮ ಓದುವುದರಲ್ಲಿ ಚುರುಕು, ಆದರೆ ಭಾಗಾಕಾರದಲ್ಲಿ ಶೇಷ ಬಂದರೆ ಗಾಬರಿಯಾಗಿ ಒರೆಸಿಬಿಡುತ್ತಾಳೆ. ಒರೆಸಬೇಡ, ಉಳಿದದ್ದು ತಪ್ಪಲ್ಲ ಎಂದು ಎಷ್ಟು ಸಲ ಹೇಳಿದ್ದೇನೆ. ಯಾರಾದರೂ ಪಕ್ಕದಲ್ಲಿ ಕೂತು ಎರಡು ದಿನ ಮಾಡಿಸಿದರೆ ಹತ್ತುತ್ತದೆ.

ಪರೀಕ್ಷೆ ಗುರುವಾರ ಎಂದಿದ್ದೀಯೆ. ನಾಳೆ ಮುಂಜಾನೆಯ ರೈಲಿಗೆ ನಾನು ಬರುತ್ತೇನೆ. ನೆರಳಿರುವ ಕಡೆ ಒಂದು ಬೆಂಚು ಹಾಕಿಸಿರು. ಸಾಧ್ಯವಾದರೆ ಪರೀಕ್ಷೆಯನ್ನು ಶನಿವಾರಕ್ಕೆ ಇಡಲು ಕೇಳು. ಹುಡುಗಿಯನ್ನು ನಾನು ತಯಾರು ಮಾಡುತ್ತೇನೆ.

ನಿನ್ನ ಅಜ್ಜ,
ಗಿಡ್ಡಪ್ಪ